ಈತಚೆರುವಿನ ಏರಿಗೆ ಬೆವರು ಬಂದ ದಿನ

ಕುಕ್ಕರ್ ಕೂಗಿದಾಗಲೆಲ್ಲ ನಾನು ಬಾಯೊಳಗೇ "ಒಕಟಿ, ರೆಂಡು, ಮೂಡು" ಎಂದು ಎಣಿಸುತ್ತೇನಂತೆ. 'ಅಂತೆ' ಯಾಕೆಂದರೆ ಇದು ನನಗೇ ಗೊತ್ತಿರಲಿಲ್ಲ. ಪತ್ತೆ ಹಚ್ಚಿದವರು ನಮ್ಮ ಯಜಮಾನರು. ನಿವೃತ್ತರಾದ ಮೇಲೆ ಅವರಿಗೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುವ ಅಭ್ಯಾಸವಾಗಿದೆ. ಹಾಗೆ ಓದುವಾಗ ನನ್ನ ಮೇಲೂ ಒಂದು ಕಣ್ಣು ಇರುತ್ತದೆ.

"ಅಲ್ಲ ಕಣೇ," ಎಂದರು ಒಂದು ದಿನ, "ನಿಮ್ಮಪ್ಪ ಕನ್ನಡ, ನಿಮ್ಮಮ್ಮ ಕನ್ನಡ, ನೀನು ಜೀವನ ಪೂರ್ತಿ ಮಕ್ಕಳಿಗೆ ಕನ್ನಡ ಹೇಳಿಕೊಟ್ಟೋಳು. ಅನ್ನ ಮಾತ್ರ ತೆಲುಗಲ್ಲಿ ಬೇಯ್ಬೇಕಾ?"

ಅವಮಾನವಾದಂತಾಗಿ ಒಂದು ವಾರ ಹಟ ಹಿಡಿದು ಕನ್ನಡದಲ್ಲೇ ಎಣಿಸಿದೆ. ಮನಸ್ಸೆಲ್ಲ ಭಾಷೆಯ ಮೇಲೆ ಇದ್ದುದರಿಂದ ಲೆಕ್ಕ ತಪ್ಪಿ ಎರಡು ದಿನ ಅನ್ನ ಗಂಜಿಯಾಯಿತು, ಒಂದು ದಿನ ಬೇಳೆ ಕಲ್ಲಾಗಿಯೇ ಉಳಿಯಿತು. ಎಂಟನೆಯ ದಿನ ಯಜಮಾನರೇ ಸೋತು, "ನಿನ್ನ ತೆಲುಗೇ ವಾಸಿ" ಎಂದು ಪೇಪರ್ ತಿರುವಿದರು. ಅವರಿಗೆ ಹೇಗೆ ತಿಳಿಸಲಿ? ಅದು ತೆಲುಗಲ್ಲ. ಅದು ಈತಚೆರುವು.

ನಿಮಗೆ ಮೊದಲಿನಿಂದ ಹೇಳುತ್ತೇನೆ. ನಾನು ಮಾಲೂರು ತಾಲ್ಲೂಕಿನ ಮಾಸ್ತಿಯ ಕಡೆಯವಳು. ನಮ್ಮ ತಂದೆ ರಾಗಿ, ಬೀನ್ಸು ಬೆಳೆಯುತ್ತಿದ್ದರು. ನಾಲ್ಕು ಹಸು ಇದ್ದವು. ಕೋಲಾರ ಜಿಲ್ಲೆಯಲ್ಲಿ ಹುಟ್ಟಿದ ಮೇಲೆ ತೆಲುಗು ಕಿವಿಗೆ ಬೀಳದೆ ಇರುತ್ತದೆಯೇ? ಸಂತೆಯಲ್ಲಿ, ಬಸ್ಸಿನಲ್ಲಿ, ಟೂರಿಂಗ್ ಟಾಕೀಸಿನಲ್ಲಿ ಬೀಳುತ್ತಿತ್ತು. ಟೆಂಟಿನಲ್ಲಿ ನೆಲದ ಮೇಲೆ ಕೂತು ತೆಲುಗು ಸಿನಿಮಾ ನೋಡಿ ಅಳುತ್ತಿದ್ದ ಹುಡುಗಿ ನಾನು. ಅತ್ತಿದ್ದೇನೆ ಎಂದ ಮೇಲೆ ಭಾಷೆ ಬರುತ್ತದೆ ಎಂದೇ ತಿಳಿದಿದ್ದೆ. ಹಾಗಾಗಿ ಶಾಲೆಗೆ ನೇಮಕವಾಗಿ ಮುಳಬಾಗಿಲು ತಾಲ್ಲೂಕಿನ, ಆಂಧ್ರದ ಗಡಿಗೆ ಆತುಕೊಂಡ ಊರಿನ ಹೆಸರು ಬಂದಾಗ ಹೆದರಲಿಲ್ಲ.

ಆ ಊರಿನ ಹೆಸರು ನನ್ನ ಆದೇಶದಲ್ಲಿ 'ಈಚಲಕೆರೆ' ಎಂದಿತ್ತು. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಬಸ್ಸಿನಲ್ಲಿ ದೇವರಾಯಸಮುದ್ರದ ಕೆರೆಯನ್ನು ಕಿಟಕಿಯಿಂದ ನೋಡಿ, ನನ್ನ ಊರಿನದೂ ಹೀಗೇ ಇರಬಹುದು ಎಂದು ಸಂತೋಷಪಟ್ಟೆ. ಮುಳಬಾಗಿಲಿನಲ್ಲಿ ಇಳಿದು ಕೆಂಪು ಬಸ್ಸಿನ ಕಂಡಕ್ಟರನ್ನು ಈಚಲಕೆರೆಗೆ ಟಿಕೆಟ್ ಕೇಳಿದರೆ, "ಆ ಊರು ನಮ್ ರೂಟಲ್ಲಿಲ್ಲಮ್ಮ" ಎಂದ. ನಾನು ಆದೇಶ ತೋರಿಸಿದೆ. ಅವನು ತಲೆ ಕೆರೆದುಕೊಂಡ. ಹಿಂದಿನ ಸೀಟಿನ ಹೆಂಗಸೊಬ್ಬಳು ಬಗ್ಗಿ ನೋಡಿ, "ಈತಚೆರುವು ಕಣಪ್ಪ. ಕಾಗದದಲ್ಲಿ ಹಂಗ್ ಬರೀತಾರೆ" ಎಂದಳು. ಇಡೀ ಬಸ್ಸು ನಕ್ಕಿತು.

ತೆಲುಗಿನಲ್ಲಿ ಈತ ಎಂದರೆ ಈಚಲು. ಈತ ಎಂದರೆ ಈಜು ಕೂಡ. ಚೆರುವು ಎಂದರೆ ಕೆರೆ. ಯಾವ ಕಾಲದಲ್ಲೋ ಕಚೇರಿಯ ಗುಮಾಸ್ತರೊಬ್ಬರು ಕೂತಲ್ಲೇ ಈಚಲು ಎಂದು ಅರ್ಥ ಮಾಡಿ ಬರೆದುಬಿಟ್ಟರು ಎಂದು ಊರಿನವರ ವಾದ. ಸುತ್ತ ಒಂದು ಈಚಲು ಗಿಡವೂ ಇರಲಿಲ್ಲ. ಊರಿನಲ್ಲಿ ಈಜು ಬಾರದ ಒಬ್ಬ ಮನುಷ್ಯನೂ ಇರಲಿಲ್ಲ. ನನ್ನನ್ನು ಬಿಟ್ಟು.

ನಾನು ಸಿನಿಮಾದಿಂದ ಕಲಿತ ತೆಲುಗು ಊರಿನಲ್ಲಿ ಮೊದಲ ದಿನವೇ ಕೈಕೊಟ್ಟಿತು. ಬಾಡಿಗೆ ಮನೆ ತೋರಿಸಲು ಬಂದ ಹಿರಿಯರೊಬ್ಬರಿಗೆ ನಾನು ನಾಯಕಿಯ ಧಾಟಿಯಲ್ಲಿ ಕೃತಜ್ಞತೆ ಹೇಳಿದೆ. ಅವರು ಗಾಬರಿಯಾಗಿ ಹೆಂಡತಿಯನ್ನು ಕರೆದರು. ಆಮೇಲೆ ತಿಳಿಯಿತು, "ಈ ಜನ್ಮ ನಿನ್ನದೇ" ಎನ್ನುವಂಥದ್ದನ್ನೇನೋ ಹೇಳಿದ್ದೆನಂತೆ.

ಅದಕ್ಕಿಂತ ದೊಡ್ಡ ಕಥೆ ಮೂರನೆಯ ದಿನದ್ದು. ಒಂದನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಬಾಗಿಲ ಹತ್ತಿರ ಕೂತಿದ್ದ ಹುಡುಗಿ ಎದ್ದು, ಶಾಂತವಾಗಿ, "ಟೀಚರ್, ಆವು ಒಚ್ಚಿಂದಿ" ಎಂದಳು. ನಮ್ಮ ಮಾಸ್ತಿಯ ಕಡೆ ಹಳ್ಳಿ ಬಾಯಲ್ಲಿ 'ಹಾವು' 'ಆವು' ಆಗುತ್ತದೆ. ಒಚ್ಚಿಂದಿ ಎಂದರೆ ಬಂತು ಎಂದು ಸಿನಿಮಾದಿಂದ ಗೊತ್ತಿತ್ತು. ನಾನು ಸೀರೆ ಎತ್ತಿಕೊಂಡು ಮೇಜಿನ ಮೇಲೆ ಹತ್ತಿ ನಿಂತೆ. ಮಕ್ಕಳು ಬಾಯಿ ತೆರೆದು ನನ್ನನ್ನೇ ನೋಡಿದವು. ಬಾಗಿಲಲ್ಲಿ ಒಂದು ಹಸು ತಲೆ ಹಾಕಿ, ಅದೂ ನನ್ನನ್ನು ನೋಡಿತು. ತೆಲುಗಿನಲ್ಲಿ ಆವು ಎಂದರೆ ಹಸು. ನಾಲ್ಕು ಹಸುವಿನ ಮನೆಯಲ್ಲಿ ಬೆಳೆದ ನಾನು ಹಸುವಿಗೆ ಹೆದರಿ ಮೇಜು ಹತ್ತಿದ ಸುದ್ದಿ ಸಂಜೆಯೊಳಗೆ ಊರಿನ ಎಲ್ಲ ಜಗಲಿ ಮುಟ್ಟಿತು. ಒಂದು ವಾರ ನನಗೆ ಹಾಲು ತಂದುಕೊಟ್ಟವರೆಲ್ಲ, "ಹಸು ಬಂದಿಲ್ಲ ಟೀಚರಮ್ಮ, ಹಾಲು ಮಾತ್ರ ಬಂದೈತೆ" ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು.

ಊರು ಚಿಕ್ಕದು. ಉದ್ದಕ್ಕೆ ಕೆರೆಯ ಏರಿ, ಏರಿಯ ಕೆಳಗೆ ನಮ್ಮ ಶಾಲೆ, ಶಾಲೆಯ ಪಕ್ಕದಿಂದ ಶುರುವಾಗಿ ಮೂರು ಬೀದಿ, ಊರ ತುದಿಯ ಎತ್ತರದ ಬಂಡೆಯ ಮೇಲೆ ಒಂದು ಗುಡಿ. ಕೆರೆಯ ಆಚೆ ದಡದಲ್ಲಿ ಬಂಡೆಗಳ ಗುಡ್ಡ. ಅದರಲ್ಲಿ ಮಲಗಿದ ಆನೆಯಂತೆ ಕಾಣುವ ಒಂದು ಬಂಡೆ, ಅದರ ಹಿಂದೆ ಗುಡ್ಡದ ನೆತ್ತಿಯಲ್ಲಿ ಒಂದು ಸೀಳು. ಊರಿಗಿಂತ ಕೆರೆ ಹಳೆಯದು. ಪೂರ್ವದ ಕಡೆಯಿಂದ ಮಣ್ಣು ಕೆಲಸದವರು ಎಮ್ಮೆಗಳ ಜೊತೆ ಬಂದು, ಯಾವನೋ ಪಾಳೇಗಾರನಿಗಾಗಿ ಈ ಕೆರೆ ತೋಡಿದರಂತೆ. ಕೆಲಸ ಮುಗಿದ ಮೇಲೆ ಗುಂಪು ಹೊರಟಿತು. ಹೊರಡುವ ಬೆಳಿಗ್ಗೆ ಒಬ್ಬಳಿಗೆ ಏರಿಯ ಮೇಲೇ ಹೆರಿಗೆಯಾಯಿತು. ಬಾಣಂತಿಯನ್ನು ಬಿಟ್ಟು ಹೋಗಲಾಗದೆ ನಾಲ್ಕು ಸಂಸಾರ ನಿಂತವು. ನಿಂತದ್ದು ನಿಂತೇಬಿಟ್ಟವು. ಊರಾಯಿತು. ಯಾವ ಕಾಲ, ಯಾವ ಪಾಳೇಗಾರ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಹುಟ್ಟಿದ್ದು ಹೆಣ್ಣು ಮಗು ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

ಆಮೇಲೆ ಬಂದವರೂ ಇದ್ದಾರೆ. ಕುಂಬಾರರು ಬಂದರು, ಬಳೆಯವರು ಬಂದರು, ಮಸೀದಿ ಬೀದಿಯ ಮೂರು ಮನೆಯವರು ಬಂದರು. ಬಂದವರು ಮೊದಲು ಯಾವ ಭಾಷೆಯವರೇ ಆಗಿರಲಿ, ಒಂದು ತಲೆಮಾರಿನಲ್ಲಿ ಕೆರೆಯ ಭಾಷೆಗೆ ಇಳಿದರು. ಯಾರೂ ಬಲವಂತ ಮಾಡಲಿಲ್ಲ. ಆದರೆ ನೀರಿನ ಹಂಚಿಕೆ, ಮೀನಿನ ಪಾಲು, ಯಾರ ಗದ್ದೆಗೆ ಯಾವ ದಿನ ನೀರು ಎಂಬ ಮಾತೆಲ್ಲ ಏರಿಯ ಮೇಲೆ ತೆಲುಗಿನಲ್ಲಿ ನಡೆಯುತ್ತಿತ್ತು. ಮಾತು ತಿಳಿಯದವನಿಗೆ ನೀರು ತಡವಾಗುತ್ತಿತ್ತು, ಅಷ್ಟೆ. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು. ಮಕ್ಕಳು ಎರಡರ ನಡುವೆ ಏರಿ ಹತ್ತಿ ಇಳಿದಷ್ಟು ಸಲೀಸಾಗಿ ಓಡಾಡುತ್ತಿದ್ದವು.

ನಾನು ಹೋದಾಗ ಕೆರೆಯಲ್ಲಿ ನೀರಿರಲಿಲ್ಲ. ವರ್ಷಗಳಿಂದಲೇ ಇರಲಿಲ್ಲ. ಹೊಟ್ಟೆಯ ತುಂಬ ಜಾಲಿ ಬೆಳೆದಿತ್ತು. ಮಳೆಗಾಲದಲ್ಲಿ ನಡುವೆ ಒಂದು ಗುಂಡಿ ನಿಂತರೆ ಅದೇ ಹಬ್ಬ. ಆದರೂ ಮಕ್ಕಳಿಗೆ ಈಜು ಕಲಿಸುವುದನ್ನು ಊರು ಬಿಟ್ಟಿರಲಿಲ್ಲ. ಕಲ್ಲು ಬಾವಿಗಳಲ್ಲಿ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಇಳಿಸುತ್ತಿದ್ದರು. ನೀರಿಲ್ಲದ ಊರಿನಲ್ಲಿ ಈಜು ಯಾಕೆ ಎಂದು ನಾನು ಕೇಳಿದ್ದಕ್ಕೆ, "ನೀರು ಬಂದ ದಿನ ಕಲಿಯೋಕಾಗುತ್ತಾ?" ಎಂದು ನನ್ನನ್ನೇ ಕೇಳಿದವಳು ಅಕ್ಕಯಮ್ಮ. ತೆಲುಗಿನಲ್ಲಿ ಕೇಳಿದಳು. ನನ್ನೊಡನೆ ಅವಳು ಆಡಿದ್ದೆಲ್ಲ ತೆಲುಗೇ.

ಅಕ್ಕಯಮ್ಮ ಶಾಲೆಯ ಪಕ್ಕದ ಮನೆಯವಳು. ತೆಳ್ಳನೆಯ, ನೆಟ್ಟಗಿನ ಹೆಂಗಸು. ಅವಳ ಗಂಡ ಊರಿನ ನೀರುಗಂಟಿ, ಅಂದರೆ ಕೆರೆಯ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಬಿಡುವವನು. ಅವನ ಕಣ್ಣು ಮಂಜಾದ ಮೇಲೆ ಆ ಕೆಲಸವನ್ನು ಅಕ್ಕಯಮ್ಮ ಮಾಡಿದಳು. ಹೆಂಗಸು ತೂಬಿಗೆ ಇಳಿಯುವುದುಂಟೆ ಎಂದು ಕೆಲವರು ಅಂದರಂತೆ. ಅವಳು ಇಳಿದು ಬಿರಡೆ ತೆಗೆದು ಮೇಲೆ ಬಂದು, ಸೀರೆ ಹಿಂಡಿಕೊಂಡು, "ಯಾರ ಗದ್ದೆಗೆ ಬೇಡ ಹೇಳಿ" ಎಂದಳಂತೆ.

ಗಂಡ ತೀರಿಕೊಂಡ, ಕೆರೆ ಬತ್ತಿತು, ನೀರುಗಂಟಿಯ ಕೆಲಸವೇ ಇಲ್ಲದಾಯಿತು. ಆದರೂ ಅಕ್ಕಯಮ್ಮ ದಿನಾ ಬೆಳಿಗ್ಗೆ ಏರಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. ಇಲಿ ಬಿಲ, ಏಡಿ ಬಿಲ ಕಂಡಲ್ಲಿ ಕೂತು ಕಲ್ಲು ತುರುಕುತ್ತಿದ್ದಳು. ಒಣಗಿದ ಕೆರೆಗೆ ಕಾವಲು ಯಾಕೆ ಎಂದು ಹೊರಗಿನಿಂದ ಬಂದ ನಾವು ಟೀಚರುಗಳೆಲ್ಲ ಒಳಗೊಳಗೇ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಅವರೆಕಾಯಿ ಮೊರ ಹಿಡಿದು ಶಾಲೆಯ ಜಗಲಿಗೆ ಬರುತ್ತಿದ್ದಳು. ನಾನೂ ಸುಲಿಯುತ್ತಿದ್ದೆ. ನಾನು ಕನ್ನಡದಲ್ಲಿ ಏನಾದರೂ ಕೇಳಿದರೆ ತಲೆ ಓರೆ ಮಾಡಿ ಸುಮ್ಮನಾಗುತ್ತಿದ್ದಳು. ಅದನ್ನೇ ನಾನು ಹರಕು ಮುರುಕು ತೆಲುಗಿನಲ್ಲಿ ಹೇಳಿದರೆ ಮುಖ ಅರಳುತ್ತಿತ್ತು. ತಪ್ಪು ಇದ್ದರೆ ತಿದ್ದುತ್ತಿರಲಿಲ್ಲ, ಸರಿಯಾದುದನ್ನು ತಾನೊಮ್ಮೆ ಮೆಲ್ಲಗೆ ಹೇಳಿಬಿಡುತ್ತಿದ್ದಳು. ಪಾಪ, ಓದಿಲ್ಲದವಳು, ಕನ್ನಡ ಬರುವುದಿಲ್ಲ, ನಾನೇ ಕಲಿತು ಅನುಕೂಲ ಮಾಡಿಕೊಡಬೇಕು ಎಂದುಕೊಂಡೆ. ಎರಡು ವರ್ಷದಲ್ಲಿ ಜಗಳವಾಡುವಷ್ಟು ತೆಲುಗು ಬಂತು. ಅವಳಿಗೆ ಉಪಕಾರ ಮಾಡುತ್ತಿದ್ದೇನೆ ಎಂಬ ಹೆಮ್ಮೆ ನನಗೆ.

ಊರಿನಲ್ಲಿ ಅಕ್ಕಯಮ್ಮ ಮಾತು ಬಿಟ್ಟಿದ್ದುದು ಒಬ್ಬನ ಜೊತೆ. ಅವನು ಸೊಣ್ಣಪ್ಪ, ಪಂಚಾಯ್ತಿ ಮೆಂಬರು. ದಪ್ಪ ಮೈಯ, ದೊಡ್ಡ ಗಂಟಲಿನ ಮನುಷ್ಯ. ಸಂಬಂಧದಲ್ಲಿ ಅವಳಿಗೆ ಮಗನಾಗಬೇಕು. ಅವನಿಗೆ ಈಜು ಕಲಿಸಿದವನು ಅವಳ ಗಂಡನೇ. ಕೆರೆಗೆ ಎರಡು ತೂಬು ಇದ್ದವು. ದೊಡ್ಡದು ಊರಿನ ಬಡಗಣ ದಿಕ್ಕಿಗೆ, ಚಿಕ್ಕದು ತೆಂಕಣ ದಿಕ್ಕಿಗೆ. ಕೆರೆ ಒಣಗಿದ ಮೇಲೆ ಚಿಕ್ಕ ತೂಬಿನ ಕಾಲುವೆ ಹಾದು ಹೋಗುತ್ತಿದ್ದ ತನ್ನ ಹೊಲವನ್ನು ಸೊಣ್ಣಪ್ಪ ಸಮ ಮಾಡಿ ಉತ್ತುಬಿಟ್ಟ. ತೂಬಿನ ಬಾಯಿ ಮಣ್ಣಿನಡಿ ಹೋಯಿತು. ಕೆರೆಯೊಳಗೆ ಅದರ ಗುರುತಿಗಿದ್ದ ಎರಡು ಕಲ್ಲುಕಂಬಗಳೂ ಯಾರದೋ ಕಟ್ಟಡಕ್ಕೆ ಹೋದವು. ಅಕ್ಕಯಮ್ಮ ಹೊಲದ ಬದುವಿನಲ್ಲಿ ನಿಂತು ಒಂದೇ ಮಾತು ಹೇಳಿದಳಂತೆ: "ನೀರಿಗೆ ದಾರಿ ನೆನಪಿರುತ್ತೆ ಸೊಣ್ಣಪ್ಪ." ಆಮೇಲೆ ಏಳೆಂಟು ವರ್ಷ ಅವನೊಡನೆ ಮಾತಿಲ್ಲ.

ಹೀಗಿರುವಾಗ ಆ ವರ್ಷ ಮಳೆ ಬಂತು. ನಮ್ಮ ಕಡೆಯ ಮಳೆ ಸಾಮಾನ್ಯವಾಗಿ ಬಂದು ಮುಖ ತೋರಿಸಿ ಹೋಗುವಂಥದು. ಆ ವರ್ಷ ಬಂದದ್ದು ಕೂತುಬಿಟ್ಟಿತು. ಮೇಲಿನ ಕೆರೆಗಳು ತುಂಬಿ ಕೋಡಿ ಬಿದ್ದವು. ಕಾಲುವೆಗಳಲ್ಲಿ ಕೆಂಪು ನೀರು ಉರುಳಿ ಬಂತು. ಒಂದು ಬೆಳಿಗ್ಗೆ ನಾನು ರಜೆ ಮುಗಿಸಿ ಬಂದು ಬಸ್ಸಿಳಿದಾಗ ಜಾಲಿಯ ತುದಿಗಳು ಮಾತ್ರ ನೀರಿನ ಮೇಲೆ ಕಾಣುತ್ತಿದ್ದವು. ಊರಿಗೆ ಊರೇ ಏರಿಯ ಮೇಲಿತ್ತು. ಹುಟ್ಟಿದಾಗಿನಿಂದ ಬಾವಿಯಲ್ಲೇ ಈಜಿದ್ದ ಮಕ್ಕಳು ಅಷ್ಟು ನೀರನ್ನು ಒಟ್ಟಿಗೆ ನೋಡಿ ಸುಮ್ಮನೆ ನಿಂತಿದ್ದವು. ಹೆಂಗಸರು ಅರಿಶಿನ ಕುಂಕುಮ ತಂದಿದ್ದರು. ಸೊಣ್ಣಪ್ಪ ಎಲ್ಲರಿಗೂ ಟೀ ಮಾಡಿಸಿದ್ದ. ಏರಿಯ ಮೇಲೆ ಹೆಂಗಸರೊಡನೆ ಕುಣಿದವರಲ್ಲಿ ಸರ್ಕಾರಿ ಶಾಲೆಯ ಕನ್ನಡ ಟೀಚರೂ ಒಬ್ಬಳು ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಿ.

ಅಕ್ಕಯಮ್ಮ ಮಾತ್ರ ಕುಣಿಯಲಿಲ್ಲ. ಅವಳು ಏರಿಯ ಹೊರಮಗ್ಗುಲಲ್ಲಿ, ಸೊಣ್ಣಪ್ಪನ ಟೊಮೊಟೊ ಹೊಲದ ತಲೆಯ ಹತ್ತಿರ, ಕುಕ್ಕರಗಾಲಲ್ಲಿ ಕೂತು ಮಣ್ಣನ್ನು ಅಂಗೈಯಿಂದ ಮುಟ್ಟಿ ನೋಡುತ್ತಿದ್ದಳು.

ಮಾರನೆಯ ದಿನವೂ ಅಲ್ಲೇ ಕೂತಿದ್ದಳು. ಮೂರನೆಯ ಬೆಳಿಗ್ಗೆ ಶಾಲೆಗೆ ಬಂದು, ನನ್ನ ಕೈ ಹಿಡಿದು, "ಮಕ್ಕಳನ್ನ ಬಂಡೆ ಮೇಲಿನ ಗುಡಿಗೆ ಕಳಿಸು. ನೀನು ನನ್ನ ಜೊತೆ ಬಾ. ಇಂಜಿನಿಯರ್ ಬಂದಿದ್ದಾರೆ" ಎಂದಳು. ನಾನು ಮಕ್ಕಳನ್ನು ಇನ್ನೊಬ್ಬ ಟೀಚರ ಜೊತೆ ಗುಡಿಗೆ ಕಳಿಸಿ ಅವಳ ಹಿಂದೆ ನಡೆದೆ.

ತುಂಬಿದ ಕೆರೆಗಳನ್ನೆಲ್ಲ ನೋಡಿಕೊಂಡು ಬಂದಿದ್ದ ಇಂಜಿನಿಯರು ಶರಣಪ್ಪ ಎಂಬ ಯುವಕ, ಬಾಗಲಕೋಟೆ ಕಡೆಯವರು. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲದ ಮುಖ. ಅವರಿಗೆ ತೆಲುಗು ಒಂದಕ್ಷರ ಬಾರದು. ನಾನು ದುಭಾಷಿಯಾದೆ. ಎಂಥ ಗತ್ತಿನಿಂದ ಮುಂದೆ ನಿಂತೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಕ್ಕಯಮ್ಮ ಏರಿಯ ಬುಡ ತೋರಿಸಿ ಹೇಳಿದಳು: "ಕಟ್ಟಕಿ ಚೆಮಟ ಪಟ್ಟಿಂದಿ."

ನಾನು ಹೇಳಿದೆ: "ಏರಿ ಒದ್ದೆಯಾಗಿದೆ ಅಂತಿದ್ದಾರೆ ಸಾರ್."

ಶರಣಪ್ಪನವರು ಆಕಾಶ ನೋಡಿದರು. "ಮಳಿ ಬಂದಾಗ ಒದ್ದಿ ಆಗೂದು ಸಹಜ ಅಲ್ಲೇನ್ರಿ ಟೀಚರ್? ಎಲ್ಲಾ ಕೆರಿ ಏರಿನೂ ಒದ್ದಿ ಅದಾವು. ಕೋಡಿ ಹರದ್ರ ಸಾಕು, ಚಿಂತಿ ಇಲ್ಲ ಅಂತ ಹೇಳ್ರಿ." ಅವರು ಜೀಪಿನ ಕಡೆ ತಿರುಗಿದರು. ಇನ್ನೂ ಆರು ಕೆರೆ ನೋಡುವುದಿತ್ತು.

ಆಗ ಅಕ್ಕಯಮ್ಮ ನನ್ನನ್ನು ಮೊಣಕೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಸರಿಸಿ, ನನ್ನ ಕನ್ನಡಕ್ಕಿಂತ ತಿಳಿಯಾದ ಕನ್ನಡದಲ್ಲಿ ಹೇಳಿದಳು:

"ಒದ್ದೆ ಅಲ್ಲ ಸ್ವಾಮಿ, ಬೆವರು. ಒದ್ದೆ ಮೇಲಿಂದ ಬರ್ತದೆ. ಬೆವರು ಒಳಗಿಂದ ಬರ್ತದೆ. ಮೊನ್ನೆ ಬರೀ ತಣ್ಣಗಿತ್ತು. ನೆನ್ನೆ ತಿಳಿನೀರು ಜಿನುಗ್ತು. ಇವತ್ತು ಹಾಲಾಕಿದ ಟೀ ಬಣ್ಣ ಬಂದೈತೆ. ಒಳಗಡೆ ಮಣ್ಣು ಕರಗ್ತಾ ಐತೆ. ಬಂದು ಮುಟ್ಟಿ ನೋಡಿ."

ನನಗೆ ಕಾಲಡಿಯ ನೆಲ ಸರಿದಂತಾಯಿತು. ಅದು ಏರಿಯ ಕಾರಣಕ್ಕೋ ಅವಳ ಕನ್ನಡದ ಕಾರಣಕ್ಕೋ ಈಗಲೂ ಗೊತ್ತಿಲ್ಲ. ಶರಣಪ್ಪನವರು ಮಾತ್ರ ಆಶ್ಚರ್ಯ ಪಡುತ್ತ ನಿಲ್ಲಲಿಲ್ಲ. ಬಂದು ಮಂಡಿಯೂರಿ ಕೂತರು. ಅಂಗೈ ಇಟ್ಟರು. ಜಿನುಗುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಟ್ಟರು. ಬೊಗಸೆಯ ತಳದಲ್ಲಿ ಮಣ್ಣು ಕೂತಿತು.

"ಇಲ್ಲೇ ಯಾಕ ಬರಾಕತ್ತೈತಿ ಅಜ್ಜಿ?" ಎಂದರು.

"ಇಲ್ಲಿ ಚಿಕ್ಕ ತೂಬೈತೆ. ಮುಚ್ಚೋಗೈತೆ. ಕಲ್ಲಿನ ಪಕ್ಕದಲ್ಲಿ ನೀರು ದಾರಿ ಹುಡುಕ್ತಾ ಐತೆ. ನಾವಾಗಿ ದಾರಿ ಬಿಟ್ರೆ ತೂಬಲ್ಲಿ ಹೋಗ್ತದೆ. ಬಿಡ್ಲಿಲ್ಲ ಅಂದ್ರೆ ಏರಿ ಒಡ್ಕೊಂಡು ಹೋಗ್ತದೆ." ಅವಳು ಕೆಳಗೆ ಕೈ ತೋರಿಸಿದಳು. ಕೆಳಗೆ ನಮ್ಮ ಶಾಲೆ ಇತ್ತು, ಮೂರು ಬೀದಿ ಇತ್ತು.

ಶರಣಪ್ಪನವರು ಫೋನು ತೆಗೆದು ಮರಳು ಮೂಟೆ, ಜನ ಎಲ್ಲ ಕೇಳಿದರು. ರಸ್ತೆಗಳು ಕಿತ್ತು ಹೋಗಿದ್ದವು. ಬರಲು ಸಂಜೆಯಾಗಬಹುದು ಎಂದು ಉತ್ತರ ಬಂತು. ಕೋಡಿಯನ್ನು ಕೊಚ್ಚಿ ತಗ್ಗಿಸಲು ಕೆಲವರನ್ನು ಕಳಿಸಿದರು. ಆದರೆ ನೀರು ಬೇಗ ಇಳಿಯಬೇಕಾದರೆ ದೊಡ್ಡ ತೂಬೊಂದೇ ಸಾಲದು, ಚಿಕ್ಕ ತೂಬನ್ನೂ ತೆಗೆಯಲೇಬೇಕು. ಅದರ ಹೊರಬಾಯಿ ಸೊಣ್ಣಪ್ಪನ ಹೊಲದಡಿ. ಅಲ್ಲಿ ಸಾಲು ಸಾಲಾಗಿ ಕಡ್ಡಿ ನೆಟ್ಟು ದಾರ ಕಟ್ಟಿದ ಟೊಮೊಟೊ, ಇನ್ನು ಹತ್ತು ದಿನಕ್ಕೆ ಕೊಯ್ಲು. ಹಸಿರು ಕಾಯಿಗಳ ಹೊಟ್ಟೆಯಲ್ಲಿ ಆಗಷ್ಟೇ ಕೆಂಪು ಮೂಡುತ್ತಿತ್ತು.

ಅಷ್ಟರಲ್ಲಿ ಸೊಣ್ಣಪ್ಪನೂ ಅವನ ಹೆಂಡತಿಯೂ ಬಂದು ನಿಂತಿದ್ದರು. ಊರೆಲ್ಲ ಅವನ ಮುಖ ನೋಡುತ್ತಿತ್ತು. ಅಕ್ಕಯಮ್ಮ ಎಷ್ಟೋ ವರ್ಷದ ಮೇಲೆ ಅವನ ಕಡೆ ತಿರುಗಿದಳು. ಹಳೆಯದನ್ನು ಎತ್ತುತ್ತಾಳೇನೋ ಎಂದುಕೊಂಡೆ. ಅವಳು ಎತ್ತಲಿಲ್ಲ. "ಸೊಣ್ಣಪ್ಪ, ಹೊಲ ಬೇಕಪ್ಪ" ಎಂದಳು, ಅಷ್ಟೆ.

ಅವನು ಹೊಲದ ಕಡೆ ಒಂದು ಸಲ ನೋಡಿದ. "ಎಲ್ಲಿ ಅಗೀಬೇಕು ತೋರ್ಸು ಪಿನ್ನಮ್ಮ" ಎಂದು ಸನಿಕೆ ತೆಗೆದುಕೊಂಡು ಮೊದಲ ಸಾಲನ್ನು ತಾನೇ ಕಿತ್ತು ಹಾಕಿದ. ಪಿನ್ನಮ್ಮ ಎಂದರೆ ಚಿಕ್ಕಮ್ಮ. ಅವನ ಹೆಂಡತಿ ಬುಟ್ಟಿ ಹಿಡಿದು ಮುಂದೆ ಮುಂದೆ ಕಾಯಿ ಬಿಡಿಸತೊಡಗಿದಳು. ನಾವೆಲ್ಲ ಸೇರಿಕೊಂಡೆವು. ನಾನು ಸೆರಗಿನ ತುಂಬ ಹಸಿ ಟೊಮೊಟೊ ಕಟ್ಟಿಕೊಂಡು ಕೆಸರಿನಲ್ಲಿ ಎರಡು ಸಲ ಬಿದ್ದೆ. ಆ ಕಾಯಿಗಳು ಆ ವರ್ಷ ಊರಿನ ಪ್ರತಿ ಮನೆಯಲ್ಲೂ ಉಪ್ಪಿನಕಾಯಿಯಾದವು.

ಯಂತ್ರ ತರಿಸೋಣ ಎಂದು ಯಾರೋ ಅಂದರು. "ಏರಿ ಹತ್ರ ಮಿಷನ್ ಬೇಡ, ನಡುಗ್ತದೆ" ಎಂದಳು ಅಕ್ಕಯಮ್ಮ. ಶರಣಪ್ಪನವರು, "ಅಜ್ಜಿ ಹೇಳೂದು ಖರೆ ಐತ್ರಿ, ಕೈಲೇ ಅಗೀರಿ" ಎಂದು ತಾವೂ ಬೂಟು ಬಿಚ್ಚಿದರು. ಸೊಂಟದಾಳ ಅಗೆದ ಮೇಲೆ ಕಲ್ಲಿನ ಚೌಕ ಬಾಯಿ ಕಂಡಿತು. ಹೂಳು ತೆಗೆದರು. ಬಾಯಿಯಿಂದ ಹೊಲದಾಚೆಯ ಹಳ್ಳದವರೆಗೆ ಟೊಮೊಟೊ ಸಾಲುಗಳ ನಡುವೆ ಕಾಲುವೆ ಕಡಿದರು.

ಉಳಿದದ್ದು ಒಳಗಿನ ಬಿರಡೆ. ಅದು ನೀರಿನಡಿ, ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಅಕ್ಕಯಮ್ಮ ಏರಿ ಹತ್ತಿ, ಆಚೆ ಗುಡ್ಡದ ಮೇಲೆ ಕಣ್ಣಿಟ್ಟು ಮೆಲ್ಲಗೆ ಪಕ್ಕಕ್ಕೆ ಹೆಜ್ಜೆ ಇಡುತ್ತ ಹೋದಳು. ಆನೆ ಬಂಡೆಯ ಬೆನ್ನು ಗುಡ್ಡದ ಸೀಳನ್ನು ಪೂರ್ತಿ ಮುಚ್ಚಿದ ಜಾಗದಲ್ಲಿ ನಿಂತಳು. "ಇಲ್ಲಿಂದ ನೆಟ್ಟಗೆ ನಾಲ್ಕು ಮಾರು" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗೆ ಇಳಿಯಲು ಹೊರಟಳು.

ಸೊಣ್ಣಪ್ಪ ಅಡ್ಡ ನಿಂತ. "ನಿಂಗೆ ಎಪ್ಪತ್ತಾಯ್ತು ಪಿನ್ನಮ್ಮ. ಚಿನ್ನಾಯನ ನನಗೂ ಕಲ್ಸವ್ನೆ" ಎಂದು ಅಂಗಿ ಬಿಚ್ಚಿದ. ಚಿನ್ನಾಯನ ಎಂದರೆ ಅವನ ಚಿಕ್ಕಪ್ಪ, ಅವಳ ಗಂಡ.

ಅವಳು ಅವನ ಸೊಂಟಕ್ಕೆ ತಾನೇ ಹಗ್ಗ ಕಟ್ಟಿದಳು. ಇನ್ನೊಂದು ಹಗ್ಗದ ತುದಿ ಕೈಗೆ ಕೊಟ್ಟಳು. "ಬಿರಡೆ ಕತ್ತಿಗೆ ಇದನ್ನ ಬಿಗಿ. ಬಿಗಿದು ಬಂದ್ಬಿಡು. ಎಳೆಯೋದು ನಾವು. ಕದಲಿತಾ ಅಂತ ನೋಡೋಕೆ ಅಲ್ಲೇ ನಿಂತ್ರೆ ನೀರು ನಿನ್ನೂ ಎಳ್ಕೊಂಡ್ ಹೋಗ್ತದೆ. ತಿಳೀತಾ?"

"ತಿಳೀತು."

ಮೊದಲ ಸಲ ಮುಳುಗಿ ಜಾಲಿ ಮುಳ್ಳಿಗೆ ಕೈ ತರಚಿಕೊಂಡು ಬಂದ. ಎರಡನೆಯ ಸಲ, "ಕಲ್ಲು ಸಿಕ್ತು, ಕೆಸರು ಜಾಸ್ತಿ" ಎಂದ. ಮೂರನೆಯ ಸಲ ಮುಳುಗಿದವನು ಬರಲಿಲ್ಲ. ಗುಳ್ಳೆ ಬಂತು, ನಿಂತಿತು. ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಅವಳ ಉಗುರಿನ ಗುರುತು ಎರಡು ದಿನ ಇತ್ತು. ಸೊಂಟದ ಹಗ್ಗ ಹಿಡಿದವರು ಎಳೆಯೋಣವೇ ಎಂದರು. ಅಕ್ಕಯಮ್ಮ ಕೈ ಎತ್ತಿ ತಡೆದಳು. ಅವಳ ತುಟಿ ಅಲುಗುತ್ತಿತ್ತು. ಹತ್ತಿರ ನಿಂತಿದ್ದ ನನಗೆ ಕೇಳಿಸಿತು: ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು, ತೆಲುಗಿನಲ್ಲಿ, ಒಂದೇ ಸಮನೆ. ನಲವತ್ತಕ್ಕೆ ಸೊಣ್ಣಪ್ಪನ ತಲೆ ಮೇಲೆ ಬಂತು. ಮಾತಾಡಲು ಉಸಿರಿರಲಿಲ್ಲ. ಹೆಬ್ಬೆರಳು ಎತ್ತಿದ.

ಅವನನ್ನು ಮೇಲೆ ಎಳೆದುಕೊಂಡು ಇಪ್ಪತ್ತು ಜನ ಇನ್ನೊಂದು ಹಗ್ಗಕ್ಕೆ ಕೈ ಹಾಕಿದೆವು. ಎಳೆದೆವು. ಏನೂ ಆಗಲಿಲ್ಲ. ಮತ್ತೆ ಎಳೆದೆವು. ಹಗ್ಗ ಒಮ್ಮೆಗೇ ಸಡಿಲವಾಗಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದೆವು. ಏರಿಯ ಆ ಕಡೆಯಿಂದ ಒಂದು ಸದ್ದು ಕೇಳಿಸಿತು, ದೊಡ್ಡ ಪ್ರಾಣಿ ಕೆಮ್ಮಿದ ಹಾಗೆ. ನೋಡಿದರೆ ಕಲ್ಲಿನ ಬಾಯಿಯಿಂದ ಮೊದಲು ಕಪ್ಪು ಕೆಸರು, ಆಮೇಲೆ ಕೆಂಪು ನೀರು ತೊಡೆ ಗಾತ್ರದಲ್ಲಿ ಹೊಮ್ಮಿ ಕಾಲುವೆ ಹಿಡಿಯಿತು. ಕಾಲುವೆಯ ಎರಡೂ ಮಗ್ಗುಲು ಉಕ್ಕಿ ಉಳಿದ ಟೊಮೊಟೊ ಸಾಲುಗಳು ಒಂದೊಂದಾಗಿ ಮಲಗಿದವು. ಸೊಣ್ಣಪ್ಪ ಏರಿಯ ಮೇಲೆ ಟವೆಲು ಹೊದ್ದು ಕೂತು ಅದನ್ನೇ ನೋಡುತ್ತಿದ್ದ. ಅಕ್ಕಯಮ್ಮ ಅವನ ಪಕ್ಕದಲ್ಲಿ ಕೂತು, ಮುಳ್ಳು ತರಚಿದ ಅವನ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು.

ಸಂಜೆ ಮರಳು ಮೂಟೆ ಬಂದವು. ಮಾರನೆಯ ದಿನಕ್ಕೆ ಜಿನುಗು ತಿಳಿಯಾಯಿತು. ನಾಲ್ಕನೆಯ ದಿನಕ್ಕೆ ಏರಿಯ ಬೆವರು ಆರಿತು. ಶರಣಪ್ಪನವರು ಆಮೇಲೆ ಆ ತೂಬನ್ನು ಸರಿಯಾಗಿ ಕಟ್ಟಿಸಿದರು. ಬಂದಾಗಲೆಲ್ಲ ಅಕ್ಕಯಮ್ಮನ ಜೊತೆ ಏರಿಯ ಉದ್ದಕ್ಕೂ ನಡೆದು, ಅವಳು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ನನಗೆ ಒಂದು ವಿಷಯ ಕೊರೆಯುತ್ತಿತ್ತು. ಗಲಾಟೆಯೆಲ್ಲ ತಣ್ಣಗಾದ ಮೇಲೆ ಜಗಲಿಯಲ್ಲಿ ಅವರೆಕಾಯಿ ಸುಲಿಯುವಾಗ ಕೇಳಿದೆ. "ಅಲ್ಲ ಅಕ್ಕಯಮ್ಮ, ಇಷ್ಟು ಚೆನ್ನಾಗಿ ಕನ್ನಡ ಬರುತ್ತೆ. ಇಷ್ಟು ವರ್ಷ ನನ್ನ ಹತ್ರ ಒಂದು ಮಾತು ಆಡ್ಲಿಲ್ವಲ್ಲ?"

ಅವಳು ಕಾಯಿಯಿಂದ ಕಣ್ಣೆತ್ತದೆ ಮತ್ತೆ ತೆಲುಗಿನಲ್ಲೇ ಹೇಳಿದಳು. "ನಾನು ಹುತ್ತೂರಿನ ಹತ್ರದೋಳು ಕಣೇ. ರೇಷ್ಮೆ ಸಾಕೋರ ಮನೆ. ನಮ್ಮನೇಲಿ ಬರೀ ಕನ್ನಡ. ಮದ್ವೆಯಾಗಿ ಬಂದಾಗ ನಂಗೆ 'ನೀಳ್ಳು' ಅಂದ್ರೆ ನೀರು ಅಂತಾನೂ ಗೊತ್ತಿರ್ಲಿಲ್ಲ. ನಮ್ಮತ್ತೆಗೆ ಕನ್ನಡ ಬರ್ತಿತ್ತು, ಆಡ್ಲಿಲ್ಲ. ಮೂರು ತಿಂಗ್ಳು ಅಳ್ತಾನೇ ಇದ್ದೆ ನಾನು. ಆರನೇ ತಿಂಗ್ಳಿಗೆ ನಮ್ಮತ್ತೆ ಜೊತೆ ಜಗಳ ಆಡ್ದೆ, ತೆಲುಗಲ್ಲಿ. ಆವತ್ತು ಅವ್ಳು ಏನು ಮಾಡಿದ್ಲು ಗೊತ್ತಾ? ಓಳಿಗೆ ಮಾಡಿದ್ಲು."

ನಾನು ಮೊರದಿಂದ ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡೆ.

"ನಾನು ಕನ್ನಡ ಆಡಿದ್ರೆ ನೀನು ಕಲೀತಿದ್ಯಾ?" ಎಂದಳು. "ಬಸ್ಸಲ್ಲಿ ಬಂದು ಬಸ್ಸಲ್ಲಿ ಹೋಗ್ತಿದ್ದೆ."

ಉಪಕಾರ ಮಾಡುತ್ತಿದ್ದವಳು ಯಾರು, ಮಾಡಿಸಿಕೊಂಡವಳು ಯಾರು ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

ಆ ಚಳಿಗಾಲ ಚಿಕ್ಕ ತೂಬಿನ ಕೆಳಗೆ ಭತ್ತ ನೆಟ್ಟರು. ಅಲ್ಲಿನ ಮಕ್ಕಳು ನಾಟಿಯನ್ನು ನೋಡಿದ್ದೇ ಅದು ಮೊದಲು. ನಾಟಿಗೂ ಮುಂಚೆ, ಮೊದಲ ನೀರು ಬಿಡುವ ಬೆಳಿಗ್ಗೆ ನಾನು ತರಗತಿಯನ್ನೆಲ್ಲ ಕರೆದುಕೊಂಡು ಹೋದೆ. ಬೆಳೆ ಕಳೆದುಕೊಂಡವನು ಸೊಣ್ಣಪ್ಪ, ಮೊದಲ ನೀರು ಅವನಿಗೇ ಎಂದು ಊರು ತೀರ್ಮಾನಿಸಿತ್ತು. ಸೊಣ್ಣಪ್ಪ ಒಪ್ಪಲಿಲ್ಲ. "ಕಡೇ ಗದ್ದೆಗೆ ಮೊದ್ಲು ಹೋಗ್ಬೇಕು. ನಂದು ತೂಬಿನ ಬಾಯಲ್ಲೇ ಐತೆ, ಎಲ್ಲೋಗುತ್ತೆ ನೀರು?" ಎಂದ. ಅದು ಅವನ ಚಿಕ್ಕಪ್ಪನ ಕಾಲದ ಕ್ರಮವಂತೆ. ಅಕ್ಕಯಮ್ಮ ಅವನನ್ನು ಒಂದು ಸಲ ನೋಡಿ ಸನಿಕೆ ಹೆಗಲಿಗೆ ಹಾಕಿಕೊಂಡಳು.

ಕಾಲುವೆಯಲ್ಲಿ ನೀರು ಒಣ ಎಲೆಗಳನ್ನು ಮುಂದೆ ನೂಕಿಕೊಂಡು ಬಂತು. ಅದರ ಜೊತೆಜೊತೆಗೆ ಅವಳು ಬದುವಿನ ಮೇಲೆ ನಡೆದು ಬರುತ್ತಿದ್ದಳು, ಒಂದೊಂದು ಗದ್ದೆಗೂ ನೀರು ತಿರುಗುವ ಮಡೆಯನ್ನು ಕೆಸರಿನಿಂದ ಮುಚ್ಚುತ್ತ, ಕಡೆಯ ಗದ್ದೆಯ ಕಡೆಗೆ. ನಾನು ಕಾಲುವೆಯ ನಡುವೆಯೇ ಮಕ್ಕಳಿಗೆ ಬೇರು, ಕಾಂಡ ಎಂದು ಪಾಠ ಮಾಡುತ್ತ ನಿಂತಿದ್ದೆ.

"ಪಕ್ಕಕು ಜರುಗು, ನೀಳ್ಳು ವಸ್ತಾ ಉಂಡಾಯಿ" ಎಂದಳು ಅಕ್ಕಯಮ್ಮ.

ನಾನು ಚಪ್ಪಲಿ ಕೈಗೆತ್ತಿಕೊಂಡು ಬದುವಿಗೆ ಹಾರಿದೆ. ನೀರು ನಾನು ನಿಂತಿದ್ದ ಜಾಗವನ್ನು ದಾಟಿ ಮುಂದೆ ಹೋಯಿತು. ಅವಳೂ ಹೋದಳು.